ಎರಡು ಕ್ಯಾನು, ಒಂದು ಮೂಗು

ಅಳತೆ ಮಾಡಿ ಕೆಲಸ ಮಾಡುವವರನ್ನು ಕಂಡರೆ ಮೂಗು ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಪಾರ್ಕ್ ಪ್ಲಗ್ಗಿನ ಸಂದಿಗೆ ಗೇಜು ತೂರಿಸಿ ನೋಡುವವನು, ಟೈರಿನ ಗಾಳಿಯನ್ನು ಮೀಟರಿನಲ್ಲಿ ಓದುವವನು, ಬಿಗಿಯಾದದ್ದನ್ನು ಟಕ್ಕೆಂದು ಹೇಳುವ ಸ್ಪ್ಯಾನರು ಇಟ್ಟುಕೊಂಡವನು, ಇವರೆಲ್ಲ ಅವನ ಲೆಕ್ಕದಲ್ಲಿ ಮೆಕ್ಯಾನಿಕ್ಕುಗಳೇ ಅಲ್ಲ, ಗುಮಾಸ್ತರು. ಅವರಲ್ಲೂ ತೀರಾ ಕೆಳದರ್ಜೆಯವನು ಯಾರೆಂದರೆ, ಟೂ-ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆ ಬೆರೆಸುವಾಗ ಅಳತೆಯ ಲೋಟ ಹಿಡಿಯುವವನು.

ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನಿಗೆಂದು ಬೇರೆ ಎಣ್ಣೆ ಇರುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಅದರ ಪ್ರಾಣ. ಕಡಿಮೆಯಾದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗು ಒದ್ದೆಯಾಗಿ ಇಂಜಿನ್ನು ಕೆಮ್ಮುತ್ತಾ ಕೂರುತ್ತದೆ. ಮೇಸ್ತ್ರಿ ಎಣ್ಣೆಯನ್ನು ಕಣ್ಣಂದಾಜಿನಲ್ಲಿ ಸುರಿದು, ಕ್ಯಾನು ಕುಲುಕಿ, ಅದರ ಬಾಯಿಗೆ ಮೂಗಿಟ್ಟು ಕಣ್ಣು ಮುಚ್ಚುತ್ತಿದ್ದ. "ಇನ್ನೊಂಚೂರು" ಎನ್ನುತ್ತಿದ್ದ, ಅಥವಾ "ಸಾಕು" ಎನ್ನುತ್ತಿದ್ದ. ಹರಳೆಣ್ಣೆಯಿಂದ ಮಾಡಿದ, ಬಣ್ಣವೇ ಇಲ್ಲದ ರೇಸಿಂಗ್ ಎಣ್ಣೆಯೇ ಆಗಬೇಕು ಅವನಿಗೆ. ನೀಲಿ ಹಸಿರು ಬಣ್ಣ ಹಾಕಿ ಮಾರುವ ಎಣ್ಣೆ ಮೂಗಿಲ್ಲದವರಿಗೆ ಮಾಡಿದ್ದು ಎಂದು ಅಂಗಡಿಯವನ ಮುಖಕ್ಕೇ ಹೇಳಿ ಬಂದಿದ್ದ.

ಅವನಿಗೆ ಆ ಹೆಸರು ಬಂದದ್ದು ಒಂದು ಆಟದಿಂದ. ಅವನ ಬಳಿ ಒಂದೇ ತರಹದ ಎರಡು ಕಪ್ಪು ಕ್ಯಾನುಗಳಿದ್ದವು. ಒಂದರಲ್ಲಿ ಕಾರ್ಬುರೇಟರ್ ತೊಳೆಯಲು ಬರೀ ಪೆಟ್ರೋಲು, ಇನ್ನೊಂದರಲ್ಲಿ ಎಣ್ಣೆ ಬೆರೆಸಿದ್ದು. ಚೀಟಿ ಇಲ್ಲ, ಗುರುತು ಇಲ್ಲ. ಮಣ್ಣುದಾರಿಯ ರೇಸಿಗಿಳಿಯುವ ಮೋಟೋಕ್ರಾಸ್ ಬೈಕುಗಳ ಹಿಂದೆ ಊರೂರು ತಿರುಗುತ್ತಿದ್ದ ಕಾಲದಲ್ಲಿ ಯಾರಾದರೂ ಕೇಳಿದರೆ ಸಾಕು, ಅವನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಅವರು ಕ್ಯಾನುಗಳನ್ನು ಅದಲು ಬದಲು ಮಾಡಿ ಇಡುತ್ತಿದ್ದರು. ಇವನು ತಿರುಗಿ, ಎರಡನ್ನೂ ಮೂಸಿ, ಒಂದನ್ನು ಎತ್ತಿ "ಇದು" ಎಂದರೆ ಚಪ್ಪಾಳೆಯೋ ಚಪ್ಪಾಳೆ. ಸರಿಯೋ ತಪ್ಪೋ ಎಂದು ತಿಳಿಯಲು ಆ ಚಪ್ಪಾಳೆಯವರಿಗೆ ಬೇರೆ ದಾರಿಯೇ ಇರಲಿಲ್ಲ, ಇವನು ಹೇಳಿದ್ದೇ ಉತ್ತರ. ಅಷ್ಟು ಸಣ್ಣ ವಿಷಯ ಒಬ್ಬನ ತಲೆಗೂ ಹೊಳೆದಿರಲಿಲ್ಲ. ಜನ ಎಂದರೆ ಇಷ್ಟೇ ಎಂದು ಮೇಸ್ತ್ರಿ ಒಳಗೊಳಗೇ ನಗುತ್ತಿದ್ದ. ಹಾಗೆಂದು ಅವನು ಮೋಸಗಾರನೇನೂ ಆಗಿರಲಿಲ್ಲ. ಅವನ ಮೂಗು ಹೇಳಿದ್ದು ಪ್ರತಿಸಲವೂ ನಿಜವೇ ಆಗಿತ್ತು.

ಹೋದ ಚಳಿಗಾಲದಲ್ಲಿ ಅವನಿಗೊಂದು ನೆಗಡಿ ಬಂತು. ನೆಗಡಿ ಹೋಯಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಮೊದಲಿಗೆ ಅವನಿಗೇ ಗೊತ್ತಾಗಲಿಲ್ಲ. ಒಂದು ದಿನ ಶೆಡ್ಡಿನಲ್ಲಿ ಎಣ್ಣೆ ಬಾಟಲಿಯ ಮುಚ್ಚಳ ತೆಗೆದ. ವಾಸನೆ ಇಲ್ಲ. ಎಣ್ಣೆ ಹಳಸಿದೆ ಎಂದು ಅಂಗಡಿಯವನನ್ನು ಬೈದು ಹೊಸ ಬಾಟಲಿ ತಂದ. ಅದಕ್ಕೂ ವಾಸನೆ ಇಲ್ಲ. ಆಮೇಲೆ ಪೆಟ್ರೋಲು ಮೂಸಿದ, ಥಿನ್ನರು ಮೂಸಿದ, ತನ್ನದೇ ಬೆವರಿನ ಅಂಗಿ ಮೂಸಿದ. ಎಲ್ಲ ಗಾಜಿನ ಲೋಟ ಮೂಸಿದ ಹಾಗೆ. ಅವತ್ತು ಅವನು ಶೆಡ್ಡಿನ ಬಾಗಿಲು ಹಾಕಿಕೊಂಡ. ಹೆದರಿಕೆಯಾಗಿತ್ತು. ಬೇರೆ ಯಾವ ಹೆಸರೂ ಇಲ್ಲದ ಹೆದರಿಕೆ ಅದು.

ಯಾರಿಗೂ ಹೇಳಲಿಲ್ಲ. ಬಾಗಿಲು ಮುಚ್ಚಿ, ಬಾಟಲಿಯ ಮುಚ್ಚಳದಲ್ಲಿ ಅಳೆದು ಅಳೆದು ಎಣ್ಣೆ ಬೆರೆಸತೊಡಗಿದ, ಕಳ್ಳತನದಲ್ಲಿ ಕುಡಿಯುವವರ ಹಾಗೆ. ಕ್ಯಾನುಗಳಿಗೆ ಮಾತ್ರ ಗುರುತು ಹಾಕಲಿಲ್ಲ. ಗುರುತು ಕಂಡರೆ ನಾಲ್ಕು ಜನ ಏನು ತಿಳಿದುಕೊಳ್ಳುತ್ತಾರೆ? ಎಣ್ಣೆ ಬೆರೆಸಿದ್ದು ಯಾವಾಗಲೂ ಎಡಗಡೆ, ಬರೀ ಪೆಟ್ರೋಲು ಬಲಗಡೆ. ಕಪಾಟಿನಲ್ಲೂ ಹಾಗೆ, ಗಾಡಿಯ ಡಿಕ್ಕಿಯಲ್ಲೂ ಹಾಗೆ. ಅಷ್ಟರ ಮೇಲೆ ಅವನ ಮಾನ ನಿಂತಿತ್ತು.

ಇನ್ನು ಅಳಿಯನ ವಿಷಯ. ಅವನಿಗೆ ಮೇಸ್ತ್ರಿ ಇಟ್ಟ ಹೆಸರು ಸಿರಪ್ಪು. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು, ಬೆಳಕಿಗೆ ಹಿಡಿದು, ಗೆರೆ ನೋಡಿ ದ್ರವ ಸುರಿಯುವುದೇ ಆ ಮನುಷ್ಯನ ಕಸುಬು. ಮಗಳು ಇಷ್ಟಪಟ್ಟು ಕರೆತಂದಾಗ ಮೇಸ್ತ್ರಿ ಅವನ ಉಗುರು ನೋಡಿದ್ದ. ಉಗುರುಗಳು ಬಿಳಿಯಾಗಿದ್ದವು. ಅಲ್ಲಿಗೆ ತೀರ್ಮಾನ ಮುಗಿದಿತ್ತು. ಮದುವೆಯಾದ ಹೊಸತರಲ್ಲಿ ಅಳಿಯ ಪ್ರೀತಿಯಿಂದ ಅಂಗಡಿಯ ಒಂದು ಅಳತೆ ಲೋಟ ತಂದು ಕೊಟ್ಟಿದ್ದ, ಗೆರೆ ಕೊರೆದ ಗಟ್ಟಿ ಗಾಜಿನದು, "ಎಣ್ಣೆ ಬೆರೆಸೋಕೆ ಆಗುತ್ತೆ ಮಾವ" ಎಂದು. ಮೇಸ್ತ್ರಿ ಅದಕ್ಕೆ ತುಕ್ಕು ಹಿಡಿದ ಸ್ಕ್ರೂಗಳನ್ನು ತುಂಬಿ, ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟಿದ್ದ.

ಈ ಸಿರಪ್ಪಿಗೆ ಒಂದು ಗೋ-ಕಾರ್ಟ್ ಹುಚ್ಚು ಹಿಡಿಯಿತು. ರಜೆಯ ದಿನ ಮನೆಮಂದಿಯೆಲ್ಲ ಹೋಗಿ ಸುತ್ತು ಹೊಡೆಯುವ ಕಾರ್ಟ್ ಮೈದಾನವೊಂದು ಹಳೆಯ ಗಾಡಿಗಳನ್ನು ಮಾರಾಟಕ್ಕಿಟ್ಟಾಗ, ಇವನು ಒಂದನ್ನು ಮನೆಗೆ ತಂದ. ನೆಲಕ್ಕೆ ಅಂಟಿಕೊಂಡಂಥ ನಾಲ್ಕು ಗಾಲಿ, ನಡುವೆ ಪ್ಲಾಸ್ಟಿಕ್ಕಿನ ಸೀಟು, ಪಕ್ಕದಲ್ಲಿ ಗುರ್ರೆನ್ನುವ ಪುಟ್ಟ ಫೋರ್-ಸ್ಟ್ರೋಕ್ ಇಂಜಿನ್ನು. ಜೊತೆಗೆ ಬೆಂಕಿಯ ಚಿತ್ರವಿದ್ದ ಹೆಲ್ಮೆಟ್ಟು, ಬೆಂಕಿಯ ಚಿತ್ರವಿದ್ದ ಗ್ಲೋವ್ಸು. ಆ ಗಾಡಿಯ ವೇಗಕ್ಕೆ ಬೆಂಕಿಯಿರಲಿ, ಬಿಸಿಲೂ ತಗುಲುವಂತಿರಲಿಲ್ಲ.

"ಸ್ವಲ್ಪ ಸ್ಪೀಡ್ ಹೆಚ್ಚು ಮಾಡಕ್ಕಾಗುತ್ತಾ ಮಾವ?" ಎಂದು ಕೇಳಿದ.

ಮೇಸ್ತ್ರಿ ಇಂಜಿನ್ನನ್ನು ಕಾಲಿನಲ್ಲಿ ಮುಟ್ಟಿದ. "ಇದು ಇಂಜಿನ್ನಾ? ಹುಲ್ಲು ಕತ್ತರಿಸೋ ಮೆಷಿನ್ನು. ಇದಕ್ಕೆ ಸ್ಪೀಡ್ ಹೆಚ್ಚು ಮಾಡೋದು ಅಂದ್ರೆ ಆಮೆಗೆ ಬೂಟು ಹಾಕಿದ ಹಾಗೆ. ಕಿತ್ತು ಬಿಸಾಕು. ನಾನೊಂದು ಇಂಜಿನ್ ಕೂರಿಸ್ತೀನಿ, ಆಮೇಲೆ ಕೂತ್ಕೊಳ್ಳೋ ಧೈರ್ಯ ಇದೆಯಾ ನೋಡ್ಕೋ."

ಅವನ ಬಳಿ ಫ್ರೇಮು ಮುರಿದ ಮೋಟೋಕ್ರಾಸ್ ಬೈಕೊಂದರ ಟೂ-ಸ್ಟ್ರೋಕ್ ಇಂಜಿನ್ನಿತ್ತು. ಅದನ್ನು ಕಾರ್ಟಿಗೆ ಕೂರಿಸಿದ ಕೆಲಸ ಮಾತ್ರ, ಮನುಷ್ಯ ಎಂಥವನೇ ಇರಲಿ, ನೋಡುವ ಹಾಗಿತ್ತು. ಸೀಟಿನ ಬಲಕ್ಕೆ ದಪ್ಪ ತಗಡಿನ ಹಾಸು ಬೆಸುಗೆ ಹಾಕಿದ. ಬೈಕಿನಲ್ಲಾದರೆ ಹಿಂದಿನ ಗಾಲಿಯನ್ನು ಸರಿಸಿ ಚೈನು ಬಿಗಿ ಮಾಡಬಹುದು. ಕಾರ್ಟಿನ ಹಿಂದಿನ ಅಚ್ಚು ಅಲುಗುವುದಿಲ್ಲ, ಅದಕ್ಕೆ ಹಾಸಿನ ತೂತುಗಳನ್ನೇ ಉದ್ದ ಕೊರೆದು ಇಂಜಿನ್ನೇ ಹಿಂದೆ ಮುಂದೆ ಜಾರುವ ಹಾಗೆ ಮಾಡಿದ. ಒದೆದು ಚಾಲೂ ಮಾಡುವ ಕಿಕ್ಕರು ಹೊರಗಡೆಗೆ ಬಂತು. ಎಡಗಡೆಗಿದ್ದ ಗೇರಿಗೆ ಕಬ್ಬಿಣದ ಸಲಾಕೆ ಕಟ್ಟಿ, ಕೂತವನ ಕೈಗೆ ಸಿಗುವ ಹಿಡಿ ಮಾಡಿದ. ರೇಡಿಯೇಟರನ್ನು ಸೀಟಿನ ಇನ್ನೊಂದು ಪಕ್ಕಕ್ಕೆ ನಿಲ್ಲಿಸಿ ನೀರಿನ ಪೈಪು ಎಳೆದ. ಹೊಟ್ಟೆ ಉಬ್ಬಿದ ಸೈಲೆನ್ಸರನ್ನು ಕೊಯ್ದು, ಬಗ್ಗಿಸಿ, ಮತ್ತೆ ಬೆಸೆದು, ಸೀಟಿನ ಬೆನ್ನ ಹಿಂದೆ ತಿರುಗಿಸಿದ. ಕ್ಲಚ್ಚಿನ ಹಿಡಿ ಸ್ಟೀರಿಂಗಿನ ಎಡಗಡೆಗೆ.

ಅಳಿಯ ಸಂಜೆಸಂಜೆ ಅಂಗಡಿಯಿಂದ ನೇರ ಬಂದು ಟಾರ್ಚು ಹಿಡಿದು ನಿಲ್ಲುತ್ತಿದ್ದ. ಪ್ರಶ್ನೆ ಕೇಳಿದರೆ ಬೈಗುಳ, ಕೇಳದಿದ್ದರೆ "ಕಂಬ ನಿಂತ ಹಾಗೆ ನಿಂತಿದ್ದಾನೆ" ಎಂಬ ಇನ್ನೊಂದು ಬೈಗುಳ. ಕ್ಲಚ್ಚು ಕಲಿಸುವಾಗಲಂತೂ ಮೇಸ್ತ್ರಿಗೆ ಹಬ್ಬ. ಅಳಿಯ ಹಿಡಿಯ ಮೇಲಿಂದ ಎರಡು ಬೆರಳು ತೆಗೆಯುತ್ತಲೇ ಇರಲಿಲ್ಲ.

"ಹೊರಟ ಮೇಲೆ ಕ್ಲಚ್ ಬಿಡೋ ಮಾರಾಯ. ಮಗು ಅಮ್ಮನ ಬೆರಳು ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದೀಯಲ್ಲ."

"ಭಯ ಆಗುತ್ತೆ ಮಾವ, ಕೈಗೆ ಸಿಗ್ತಾ ಇರ್ಲಿ ಅಂತ."

"ಭಯ ಆಗೋರು ಸಿರಪ್ ಅಳೀತಾ ಅಂಗಡೀಲಿ ಇರ್ಬೇಕು."

ಅಳಿಯ ನಕ್ಕ. ಅವನು ಏನು ಅಂದರೂ ನಗುತ್ತಿದ್ದ. ಅದೂ ಮೇಸ್ತ್ರಿಗೆ ಆಗುತ್ತಿರಲಿಲ್ಲ.

ಮೇಸ್ತ್ರಿಯ ಗುಟ್ಟು ಮೊದಲು ತಿಳಿದದ್ದು ಹೆಂಡತಿಗೆ. ಮದುವೆಯಾದಾಗಿನಿಂದ ಅವಳ ಅಡುಗೆಗೆ ಹೆಸರಿಡದೆ ತಟ್ಟೆಗೆ ಕೈ ಹಾಕಿದವನಲ್ಲ ಅವನು. ಒಲೆಯಿಂದ ಇಳಿಸುವ ಮೊದಲೇ ನಡುಮನೆಯಿಂದ "ಸೀದಿತು" ಎಂದು ಕೂಗುತ್ತಿದ್ದ. ಈಚೆಗೆ ಕೂಗು ನಿಂತಿತ್ತು. ಗಂಡನಿಗೆ ಕಡೆಗೂ ಬುದ್ಧಿ ಬಂತು ಎಂದು ಅವಳು ಸ್ವಲ್ಪ ದಿನ ಸಂತೋಷಪಟ್ಟಳು. ಆಮೇಲೆ, ಬುದ್ಧಿ ಬರುವ ಆಸಾಮಿ ಇದಲ್ಲ ಎಂದು ಅನುಮಾನ ಬಂತು. ಒಂದು ದಿನ ಬೇಕೆಂದೇ ಹಾಲನ್ನು ತಳ ಹಿಡಿಸಿ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅವನು ಪೂರ್ತಿ ಕುಡಿದು ಬಾಯಿ ಒರೆಸಿಕೊಂಡ.

"ರೀ, ನಿಮ್ಗೆ ವಾಸನೆ ಬರ್ತಿಲ್ಲ" ಎಂದಳು.

"ಯಾರು ಹೇಳಿದ್ದು?"

"ನೀವು ಕುಡಿದ ಹಾಲು ಹೇಳ್ತು."

ಅವನು ಹಾರಾಡಿದ, ಚಪ್ಪಲಿ ಹುಡುಕಿದ, ಒಂದೇ ಸಿಕ್ಕಿದ್ದಕ್ಕೆ ಅದನ್ನೂ ಬೈದ. ಅವಳು ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮ ಮೂಗು ಕಟ್ಕೊಂಡು ನಂಗೇನಾಗ್ಬೇಕು? ಆ ಗಾಡೀಲಿ ಕೂತ್ಕೊಳ್ಳೋನು ನನ್ನ ಅಳಿಯ. ನಿಮ್ಮ ಕ್ಯಾನು ಅದಲು ಬದಲಾದ್ರೆ ಏನಾಗುತ್ತೆ ಅಂತ ನೀವೇ ಎಷ್ಟು ಸಲ ಹೇಳಿಲ್ಲ? ಇಂಜಿನ್ ಕಚ್ಚಿದ್ರೆ ಹಿಂದಿನ ಗಾಲಿ ನಿಲ್ಲುತ್ತೆ, ಗಾಡಿ ಗಿರಗಿರ ಅನ್ನುತ್ತೆ. ಅವನಿಗೆ ಹೇಳಿಬಿಡಿ."

"ಅದಲು ಬದಲು ಆಗಲ್ಲ. ಎಡಗಡೆ ಅಂದ್ರೆ ಎಡಗಡೆ."

"ಹೇಳ್ತೀರೋ ಇಲ್ವೋ?"

"ಮೊದಲನೇ ಓಟ ಮುಗೀಲಿ, ಹೇಳ್ತೀನಿ. ನೀನು ಬಾಯಿ ಬಿಟ್ರೆ ನಾನು ಮನುಷ್ಯನೇ ಅಲ್ಲ."

ಅವಳು ಬಾಯಿ ಬಿಡಲಿಲ್ಲ. ಅದಕ್ಕಾಗಿ ಆಮೇಲೆ ತನ್ನನ್ನೇ ಬೈದುಕೊಂಡಳು.

ಓಟಕ್ಕೆ ಆ ಕಾರ್ಟ್ ಮೈದಾನವನ್ನೇ ಕೇಳಿಕೊಂಡಿದ್ದರು, ಗಿರಾಕಿಗಳು ಬರುವ ಮೊದಲು, ಬೆಳಿಗ್ಗೆ. ಸುತ್ತ ಹಳೆಯ ಟೈರುಗಳ ಗೋಡೆ, ಒಂದು ಉದ್ದನೆಯ ನೇರ ದಾರಿ, ಉಳಿದದ್ದೆಲ್ಲ ತಿರುವು. ಮಗಳು, ಹೆಂಡತಿ ಬಂದಿದ್ದರು. ಮೈದಾನದ ಕೆಲಸದವರು ಕೆಲವರು ಪೊರಕೆ ಒರಗಿಸಿ ನಿಂತಿದ್ದರು. ಕರೆಯದಿದ್ದರೂ ಟೈರ್ ಅಂಗಡಿಯವನು ಬಂದಿದ್ದ. ಮೇಸ್ತ್ರಿಯ ಹಳೆಯ ಕಾಲದ ಪರಿಚಯ, ಬಾಯಿ ಮಾತ್ರ ಗಾಳಿ ತುಂಬಿದ ಟ್ಯೂಬು.

ಸಾಗಿಸುವಾಗ ಚೆಲ್ಲಬಾರದೆಂದು ಕಾರ್ಟಿನ ಟ್ಯಾಂಕನ್ನು ಖಾಲಿ ಮಾಡಿ ತಂದಿದ್ದರು. ಮೇಸ್ತ್ರಿ ಚೈನಿಗೆ ಗ್ರೀಸು ಹಚ್ಚಿ ಮುಗಿಸಿ ಡಿಕ್ಕಿಯ ಕಡೆ ನಡೆದ. ಎಡಗಡೆಯ ಕ್ಯಾನಿಗೆ ಕೈ ಹಾಕಬೇಕು, ಅಷ್ಟರಲ್ಲಿ ಅಳಿಯ ಕೆಲಸದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದುದು ಕೇಳಿಸಿತು. "ನಮ್ಮ ಮಾವ ಲೋಟ ಗೀಟ ಮುಟ್ಟಲ್ಲ. ಮೂಸಿದ್ರೆ ಸಾಕು. ಅಂಥ ಮೂಗು ಇನ್ನೊಬ್ಬರಿಗಿಲ್ಲ."

"ಹೌದಪ್ಪಾ!" ಎಂದು ಟೈರ್ ಅಂಗಡಿಯವನು ಎದ್ದೇಬಿಟ್ಟ. "ಆ ಆಟ ನೋಡಿ ಎಷ್ಟು ವರ್ಷ ಆಯ್ತು! ತಿರುಗಿ ನಿಂತ್ಕೋ ಮೇಸ್ತ್ರಿ, ತಿರುಗಿ ನಿಂತ್ಕೋ."

ಮೇಸ್ತ್ರಿ "ಹೊತ್ತಾಯ್ತು, ಆಮೇಲೆ" ಎನ್ನುವಷ್ಟರಲ್ಲಿ ಆ ಗಾಳಿಟ್ಯೂಬು ಎರಡೂ ಕ್ಯಾನು ಹೊರಗೆಳೆದಿತ್ತು. ಹೆಂಡತಿ ನೋಡುತ್ತಿದ್ದಳು. ಈಗ ಒಂದು ಮಾತು ಸಾಕಾಗಿತ್ತು. ಇಲ್ಲ ಕಣ್ರೋ, ಬರ್ತಿಲ್ಲ ಕಣ್ರೋ, ಎಂದರೆ ಮುಗಿಯುತ್ತಿತ್ತು. ಅವನು ಬೆನ್ನು ತಿರುಗಿಸಿ ನಿಂತ.

ಹಿಂದೆ ಕ್ಯಾನುಗಳು ಸಿಮೆಂಟಿನ ಮೇಲೆ ಗರಗರ ಎಂದವು. ತಿರುಗಿದಾಗ ಎರಡೂ ಅಕ್ಕಪಕ್ಕ, ಕಪ್ಪಗೆ, ಅಣ್ಣತಮ್ಮಂದಿರ ಹಾಗೆ ಕೂತಿದ್ದವು. ಒಂದರ ಬಾಯಿಗೆ ಮೂಗಿಟ್ಟ. ಏನೂ ಇಲ್ಲ. ಇನ್ನೊಂದಕ್ಕೆ ಇಟ್ಟ. ಏನೂ ಇಲ್ಲ. ಬೆರಳು ಅದ್ದಿ ಉಜ್ಜಿ ನೋಡಿದ. ಗ್ರೀಸು ಮೆತ್ತಿದ ಬೆರಳಿಗೆ ಎರಡೂ ಜಿಡ್ಡೇ. ಕಣ್ಣು ಮುಚ್ಚಿದ, ಹಿಂದೆ ಮುಚ್ಚುತ್ತಿದ್ದ ಹಾಗೆಯೇ. ಮುಚ್ಚಿದ ಕಣ್ಣೊಳಗೆ ಅವನಿಗೆ ತನ್ನ ಮೇಲೆ ಬಂದಷ್ಟು ಅಸಹ್ಯ ಜೀವಮಾನದಲ್ಲಿ ಇನ್ನೊಬ್ಬರ ಮೇಲೆ ಬಂದಿರಲಿಲ್ಲ.

"ಇದು" ಎಂದ.

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಅಳಿಯ, ಬೆಂಕಿಯ ಗ್ಲೋವ್ಸು ಹಾಕಿಕೊಂಡೇ.

ಟ್ಯಾಂಕಿಗೆ ಸುರಿದ. ಕಿಕ್ಕರು ಒದೆದ. ಇಂಜಿನ್ನು ಒಂದು ಸಲ ಉಸಿರು ಬಿಟ್ಟು, ಎರಡನೆಯದಕ್ಕೆ ಹತ್ತಿಕೊಂಡಿತು. ಸೈಲೆನ್ಸರಿನಿಂದ ನೀಲಿ ಹೊಗೆ ದಪ್ಪಗೆ ಎದ್ದಿತು. ಎಣ್ಣೆ ಉರಿದರೆ ಮಾತ್ರ ಬರುವ ಹೊಗೆ. ಬದುಕಿದೆ ಎಂದುಕೊಂಡ ಮೇಸ್ತ್ರಿ. ಹೆಂಡತಿಯ ಕಡೆ ತಿರುಗಿ, ನೋಡಿದೆಯಾ ಎನ್ನುವ ಹಾಗೆ ಹುಬ್ಬು ಹಾರಿಸಿದ. ಇಂಥವನಿಗೆ ಅದಕ್ಕೂ ಮುಖವಿತ್ತು.

ಕಾರ್ಟು ಹಾರಿ ಹೋಯಿತು. ನಿಜವಾಗಿಯೂ ಹಾರಿತು. ತಿರುವಿನಲ್ಲಿ ತಡವರಿಸಿ, ನೇರ ದಾರಿಗೆ ಬಂದಾಗ ಕಿರುಚಿಕೊಂಡು ಓಡಿತು. ಮಗಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಒಂದು ಸುತ್ತು ಮುಗಿಯಿತು. ಎರಡನೆಯದರಲ್ಲಿ ಹೊಗೆ ತೆಳುವಾಯಿತು. ಮೂರನೆಯದಕ್ಕೆ ಕಾರ್ಟು ಎದುರಿಗೆ ಹಾದುಹೋದಾಗ ಹೊಗೆಯೇ ಇರಲಿಲ್ಲ.

ಮೇಸ್ತ್ರಿಗೆ ಆಗ ಅರ್ಥವಾಯಿತು. ಕಾರ್ಬುರೇಟರಿನಲ್ಲಿ ಶೆಡ್ಡಿನಿಂದ ಉಳಿದು ಬಂದ ಹಳೆಯ ಮಿಶ್ರಣವಿತ್ತು. ಮೊದಲು ಉರಿದದ್ದು ಅದು. ಈಗ ಉರಿಯುತ್ತಿರುವುದು ಅವನೇ ಎತ್ತಿ ತೋರಿಸಿದ ಕ್ಯಾನಿನದು, ಬರೀ ಪೆಟ್ರೋಲು.

"ಏನು ಕ್ಲೀನಾಗಿ ಓಡ್ತಿದೆ ಮೇಸ್ತ್ರಿ!" ಎಂದ ಟೈರ್ ಅಂಗಡಿಯವನು. "ಒಂದು ಎಳೆ ಹೊಗೆ ಇಲ್ಲ!"

"ಹೌದು" ಎಂದ ಮೇಸ್ತ್ರಿ.

ಕೈ ಬೀಸಿದ್ದರೆ ಸಾಕಿತ್ತು. ಬೀಸಿದರೆ ಯಾಕೆ ಎಂದು ಕೇಳುತ್ತಾರೆ. ಈ ಸುತ್ತು ಮುಗಿಸಿ ಅವನೇ ನಿಲ್ಲಿಸಿಯಾನು, ಆ ಹೇಡಿ ಇನ್ನೆಷ್ಟು ಓಡಿಸಿಯಾನು ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಲೇ ಕೈ ಅರ್ಧ ಎತ್ತಿದ. ಅಷ್ಟರಲ್ಲಿ ಆ ಹೇಡಿ ನೇರ ದಾರಿಗೆ ಬಂದು, ಆಕ್ಸಿಲರೇಟರನ್ನು ಪೂರ್ತಿ ತುಳಿದುಬಿಟ್ಟ.

ಇಂಜಿನ್ನಿನ ಕೂಗು ಒಂದು ಕ್ಷಣ ಸಣ್ಣಗೆ, ಒಣಗಿದ ಹಾಗೆ ಆಯಿತು. ಆಮೇಲೆ ಕಿರ್ರೆಂದು ನಿಂತುಹೋಯಿತು. ಹಿಂದಿನ ಗಾಲಿಗಳು ಬಿಗಿದುಕೊಂಡವು. ಕಾರ್ಟಿನ ಹಿಂಭಾಗ ಪಕ್ಕಕ್ಕೆ ಎದ್ದು ಟೈರುಗಳ ಗೋಡೆಯ ಕಡೆ ತಿರುಗಿತು. ಮಗಳು ಕಿರುಚಿದಳು. ಮರುಕ್ಷಣವೇ ಬಿಗಿದ ಗಾಲಿಗಳು ಬಿಟ್ಟುಕೊಂಡವು. ಕಾರ್ಟು ಅಡ್ಡಡ್ಡ ಉರುಳಿ, ಗೋಡೆಗೆ ಮೆಲ್ಲಗೆ ತಾಗಿ ನಿಂತಿತು.

ಅಳಿಯ ಕ್ಲಚ್ಚು ಅದುಮಿ, ಕಚ್ಚಿದ ಇಂಜಿನ್ನಿನಿಂದ ಗಾಲಿಗಳನ್ನು ಬಿಡಿಸಿದ್ದ. ಎರಡು ಬೆರಳು ಹಿಡಿಯ ಮೇಲೆ ಇದ್ದೇ ಇದ್ದವಲ್ಲ.

ಎಲ್ಲರೂ ಓಡಿದರು. ಅಳಿಯ ಹೆಲ್ಮೆಟ್ಟು ತೆಗೆದು ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು. ಮಗಳು ಅವನ ತೋಳು ಹಿಡಿದುಕೊಂಡಳು. ಟೈರ್ ಅಂಗಡಿಯವನು ಇಂಜಿನ್ನಿಗೆ ಬಗ್ಗಿ, ಕಿಕ್ಕರು ಒತ್ತಿ, ಅದು ಅಲುಗದ್ದನ್ನು ಕಂಡು ತೀರ್ಪು ಕೊಟ್ಟೇಬಿಟ್ಟ. "ಕಚ್ಚಿದೆ! ಅಷ್ಟು ತುಳಿದ್ರೆ ಇನ್ನೇನಾಗುತ್ತೆ? ಓಡಿಸೋಕೆ ಬರದವರ ಕೈಗೆ ಕೊಟ್ರೆ ಹೀಗೇ."

"ನನ್ನದೇ ತಪ್ಪು ಮಾವ" ಎಂದ ಅಳಿಯ. ಧ್ವನಿ ಒಡೆದಿತ್ತು. "ನೀವು ಬಿಡು ಬಿಡು ಅಂದ್ರೂ ಕ್ಲಚ್ ಹಿಡ್ಕೊಂಡೇ ಇದ್ದೆ. ಅದಕ್ಕೇ ಏನೋ ಆಗಿರ್ಬೇಕು. ನಿಮ್ಮ ಇಂಜಿನ್ ಹಾಳು ಮಾಡ್ಬಿಟ್ಟೆ."

ಕೆಲಸದವರು ತಲೆಯಾಡಿಸಿದರು. ಬಿಳಿ ಉಗುರಿನವನ ತಪ್ಪು ಎಂದು ಎಲ್ಲರಿಗೂ ಒಪ್ಪಿಗೆಯಾಯಿತು, ಅವನಿಗೂ ಸೇರಿ. ಮೇಸ್ತ್ರಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಹೆಸರು ಹೆಸರಾಗಿಯೇ ಇರುತ್ತಿತ್ತು. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಬೈಯುವ ನೋಟವಲ್ಲ ಅದು. ಇಷ್ಟು ವರ್ಷ ಇವನ ಜೊತೆ ಬಾಳಿದೆನಲ್ಲ ಎನ್ನುವ ನೋಟ.

ಮೇಸ್ತ್ರಿ ನಡೆದು ಹೋಗಿ ಟ್ಯಾಂಕಿಗೆ ಸುರಿದ ಕ್ಯಾನನ್ನು ಎತ್ತಿ ತಂದ. ಮುಚ್ಚಳ ತೆಗೆದು ಅಳಿಯನ ಮುಖದ ಮುಂದೆ ಹಿಡಿದ.

"ಮೂಸು."

"ನಂಗೇನು ಗೊತ್ತಾಗುತ್ತೆ ಮಾವ?"

"ಮೂಸೋ."

ಅಳಿಯ ಮೂಸಿದ. ಇನ್ನೊಂದು ಸಲ ಮೂಸಿದ. ಸಂಕೋಚದಿಂದ ಸುತ್ತ ನೋಡಿದ. "ಬರೀ ಪೆಟ್ರೋಲ್ ವಾಸನೆ..."

"ಹೂಂ. ನಂಗೆ ಅದೂ ಬರಲ್ಲ. ಚಳಿಗಾಲದಿಂದ ಏನೂ ಬರಲ್ಲ." ಹಿಂದೆ ನಿಂತವರಿಗೆ ಕೇಳಿಸಲಿಲ್ಲವೇನೋ ಎಂದು ಅವನು ಇನ್ನೂ ಗಟ್ಟಿಯಾಗಿ ಹೇಳಿದ. "ಕಣ್ಣು ಮುಚ್ಕೊಂಡು ಒಂದನ್ನ ಎತ್ತಿದೆ. ಹೊಗೆ ನಿಂತಾಗ್ಲೇ ಗೊತ್ತಾಯ್ತು. ಆಗ್ಲೂ ಸುಮ್ಮನಿದ್ದೆ. ಇವನ ತಪ್ಪು ಏನೂ ಇಲ್ಲ. ಇವನು ಕ್ಲಚ್ ಬಿಟ್ಟಿದ್ರೆ ಇವತ್ತು ನಾನು ನನ್ನ ಮಗಳ ಮುಖ ನೋಡೋ ಹಾಗಿರ್ಲಿಲ್ಲ."

ಟೈರ್ ಅಂಗಡಿಯವನು ಸಣ್ಣ ಕಣ್ಣು ಮಾಡಿ ಕೇಳಿದ. "ಹಾಗಾದ್ರೆ ಮೊದಲೂ ಅಷ್ಟೇನಾ? ಅಷ್ಟು ವರ್ಷ ನಮ್ಮ ಹತ್ರ ಚಪ್ಪಾಳೆ ಹೊಡೆಸ್ಕೊಂಡಿದ್ದು?"

ಜೀವಮಾನದಲ್ಲಿ ಮೊದಲ ಸಲ ಒಬ್ಬ ಚಪ್ಪಾಳೆಯವನ ತಲೆಗೆ ಅದು ಹೊಳೆದಿತ್ತು, ಅದೂ ಇವತ್ತೇ. ಆಗ ನಿಜವಾಗಿಯೂ ವಾಸನೆ ಬರುತ್ತಿತ್ತು ಎಂದು ತೋರಿಸಲು ಮೇಸ್ತ್ರಿಯ ಬಳಿ ಏನಿತ್ತು? ಗುರುತಿಲ್ಲದ ಎರಡು ಕ್ಯಾನು, ಸತ್ತ ಒಂದು ಮೂಗು. ಕೆಲಸದವರಲ್ಲೊಬ್ಬ ಆಗಲೇ ನಗಲು ಶುರುಮಾಡಿದ್ದ. ಮೇಸ್ತ್ರಿ ಇಷ್ಟು ವರ್ಷ ಊರಿನವರಿಗೆಲ್ಲ ಹಂಚಿದ ನಗೆ ಅದು.

"ಅದು ಹೇಗಾಗುತ್ತೆ?" ಎಂದ ಅಳಿಯ. ಈಗ ಅವನ ಧ್ವನಿ ಕೌಂಟರಿನ ಹಿಂದೆ ಇರುವಷ್ಟೇ ಶಾಂತವಾಗಿತ್ತು. "ಮೊದಲೂ ಸುಳ್ಳಾಗಿದ್ರೆ ಮೊದಲೂ ಇಂಜಿನ್ ಕಚ್ಚಬೇಕಿತ್ತಲ್ಲ. ಮಾವನ ಕೈಯಲ್ಲಿ ಇವತ್ತಿನವರೆಗೆ ಒಂದು ಇಂಜಿನ್ ಕಚ್ಚಿದ್ದು ನೀವು ನೋಡಿದ್ದೀರಾ?"

ಟೈರ್ ಅಂಗಡಿಯವನು ನೆನಪು ಮಾಡಿಕೊಂಡ. "ಇಲ್ಲ" ಎಂದ, ಮನಸ್ಸಿಲ್ಲದ ಮನಸ್ಸಿನಿಂದ.

"ಮತ್ತೆ?"

ಏನೋ ಹೇಳಬೇಕಿತ್ತು ಮೇಸ್ತ್ರಿಗೆ, ಜೀವನದಲ್ಲಿ ಯಾರಿಗೂ ಹೇಳದ್ದು. ಅಭ್ಯಾಸವಿಲ್ಲದ ಬಾಯಿಗೆ ಅದು ಬರಲಿಲ್ಲ. ಬಗ್ಗಿ ಕಾರ್ಟಿನ ಮೂತಿ ಹಿಡಿದ. "ಆ ಕಡೆ ಹಿಡಿ, ಸಿರಪ್ಪು" ಎಂದ. ಇಬ್ಬರೂ ಸೇರಿ ಗಾಡಿಯನ್ನು ತಳ್ಳಿಕೊಂಡು ಹೊರಟರು. ಸ್ವಲ್ಪ ದೂರ ಹೋದ ಮೇಲೆ, ಮುಖ ಎತ್ತದೆ ಕೇಳಿದ.

"ನೀನು ಕೊಟ್ಟ ಆ ಲೋಟದಲ್ಲಿ ಎಣ್ಣೆ ಯಾವ ಗೆರೆವರೆಗೆ ಬಂತು ಅಂತ ನಂಗೆ ಓದಿ ಹೇಳ್ತೀಯಾ? ನನ್ನ ಕಣ್ಣಿಗೂ ಆ ಸಣ್ಣ ಅಂಕಿ ಕಾಣಲ್ಲ."